ಡಿಕ್ಕಿಯೊಳಗಿನ ಸೊರೋರಿಟಿ

ಆಗಸ್ಟಿನಲ್ಲಿ ಹ್ಯೂಸ್ಟನ್ ಊರಿಗೆ ಬೆಳಗಿನ ತಂಪು ಅನ್ನುವುದೇ ಇಲ್ಲ. ಏಳು ಗಂಟೆಗೆ ಏಸಿ ಕಾರಿನ ಬಾಗಿಲು ತೆರೆದರೆ ಕನ್ನಡಕದ ಮೇಲೆ ಹಬೆ ಕೂರುತ್ತದೆ. ಅದನ್ನು ಒರೆಸಿಕೊಳ್ಳುವಷ್ಟರಲ್ಲಿ ಬೆನ್ನು ಒದ್ದೆ. ಹ್ಯೂಸ್ಟನ್ ವಿಶ್ವವಿದ್ಯಾಲಯದ ಪಾರ್ಕಿಂಗ್ ಗ್ಯಾರೇಜಿನಲ್ಲಿ ಆ ಹೊತ್ತಿಗಾಗಲೇ ಕಾರುಗಳು ಸುತ್ತು ಹೊಡೆಯುತ್ತ ಮಹಡಿ ಏರುತ್ತಿರುತ್ತವೆ. ಊರಂಚಿನ ಕೇಟಿಯಿಂದ, ಪೇರ್‌ಲ್ಯಾಂಡಿನಿಂದ, ಶುಗರ್ ಲ್ಯಾಂಡಿನಿಂದ ಬಂದ ಮಕ್ಕಳು. ಹೆಚ್ಚಿನವರು ಚೀಲ ಹೆಗಲಿಗೇರಿಸಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಲಿಫ್ಟಿನ ಕಡೆ ನಡೆಯುತ್ತಾರೆ. ಕೆಲವು ಹುಡುಗಿಯರು ಮಾತ್ರ ಇಳಿದವರೇ ಕಾರಿನ ಹಿಂದಕ್ಕೆ ಬರುತ್ತಾರೆ. ಡಿಕ್ಕಿ ತೆರೆದು, ಒಂದು ಕೈ ಕಾರಿಗೆ ಊರಿ, ಒಂಟಿ ಕಾಲಿನಲ್ಲಿ ನಿಂತು ರಬ್ಬರ್ ಚಪ್ಪಲಿ ಕಳಚಿ ಹೀಲ್ಸ್ ಏರಿಸುತ್ತಾರೆ. ಪಕ್ಕದ ಕಾರಿನ ಕಿಟಕಿಯೇ ಅವರ ಕನ್ನಡಿ.

ಅಂಥವಳೊಬ್ಬಳು ನನ್ನ ತಂಗಿಯ ಮಗಳು. ಅವಳ ಡಿಕ್ಕಿಯನ್ನು ನಾನು ಬಗ್ಗಿ ನೋಡಿದ್ದೇನೆ. ಡ್ರೈಕ್ಲೀನ್ ಅಂಗಡಿಯ ಪ್ಲಾಸ್ಟಿಕ್ ಹೊದಿಕೆಯಲ್ಲೇ ಉದ್ದಕ್ಕೆ ಮಲಗಿಸಿದ ಎರಡು ಫ್ರಾಕು. ಹಿಮ್ಮಡಿ ಉಜ್ಜಿ ಗಾಯವಾದರೆ ಅಂಟಿಸಲು ಪಟ್ಟಿ. ಬ್ಯಾಟರಿ ಹಾಕಿದ ಅಂಗೈಯಗಲದ ಫ್ಯಾನು, ಮಡಚುವ ಕೊಡೆ, ಸುಕ್ಕು ಬಿಡಿಸಲು ನೀರು ಚಿಮುಕಿಸುವ ಬಾಟಲಿ. ಸೇಫ್ಟಿ ಪಿನ್ನುಗಳ ಒಂದು ಗೊಂಚಲು, ಇದು ತಂಗಿ ಇಟ್ಟದ್ದು. ಪಿನ್ನಿಲ್ಲದೆ ಹೆಣ್ಣುಮಕ್ಕಳು ಹೊಸ್ತಿಲು ದಾಟಬಾರದು ಎಂಬುದು ನಮ್ಮಮ್ಮನ ಕಾಲದಿಂದ ಬಂದ ಶಾಸನ. ಮೂಲೆಯಲ್ಲಿ ಸ್ಟೀಲಿನ ಡಬ್ಬಿ, ಒಳಗೆ ಚಿತ್ರಾನ್ನ. ಅದನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ್ದಳು. "ಒಗ್ಗರಣೆ ವಾಸನೆ ಡ್ರೆಸ್ಸಿಗೆ ಹತ್ತುತ್ತೆ ದೊಡ್ಡಮ್ಮ" ಎಂದಳು. ಸೊರೋರಿಟಿಯ ಅಕ್ಕಂದಿರು ಒಗ್ಗರಣೆ ಮೂಸಿ ಹುಡುಗಿಯನ್ನು ಬಿಟ್ಟಾರೆಯೇ ಎಂದು ಕೇಳಬೇಕೆನಿಸಿತು. ಆದರೆ ಅದು ಆಯ್ಕೆಯ ವಾರ, ಅವತ್ತು ಕೇಳುವ ದಿನವಾಗಿರಲಿಲ್ಲ.

ಸೊರೋರಿಟಿ ಎಂದರೆ ಅಮೆರಿಕದ ಕಾಲೇಜು ಹುಡುಗಿಯರ, ಗ್ರೀಕ್ ಅಕ್ಷರಗಳ ಹೆಸರಿನ ಸಂಘ. ಸದಸ್ಯೆಯರನ್ನು ಅವರೇ ಆರಿಸಿಕೊಳ್ಳುತ್ತಾರೆ, ಗುಟ್ಟಿನ ದೀಕ್ಷೆ ಕೊಡುತ್ತಾರೆ, ಚಂದಾ ಎತ್ತುತ್ತಾರೆ, ಯಾವುದೋ ಒಂದು ಸೇವಾಕಾರ್ಯಕ್ಕೆ ಹಣ ಕೂಡಿಸುತ್ತಾರೆ. ಡಿಗ್ರಿ ಮುಗಿದ ಮೇಲೂ ಸಂಬಂಧ ಮುಗಿಯುವುದಿಲ್ಲ. ಸಿನಿಮಾದಲ್ಲಿ ನೋಡಿದವರಿಗೆ ಮೊದಲು ನೆನಪಾಗುವುದು ಮನೆ: ಬಿಳಿ ಕಂಬ, ಬಾಗಿದ ಮೆಟ್ಟಿಲು, ಬಾಗಿಲ ತುಂಬ ಒಂದೇ ಬಣ್ಣದ ಅಂಗಿ ತೊಟ್ಟು ಚಪ್ಪಾಳೆ ತಟ್ಟಿ ಹಾಡುವ ಹುಡುಗಿಯರು. ಅಂಥ ಮನೆಗಳು ಇವೆ. ಅಲಬಾಮಾ ವಿಶ್ವವಿದ್ಯಾಲಯವಿರುವ ಟಸ್ಕಲೂಸಾದಲ್ಲಿ ಸಾಲುಸಾಲಾಗಿ ಇವೆ. ಪ್ರತಿ ಆಗಸ್ಟಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೊಸ ಹುಡುಗಿಯರು ಅಲ್ಲಿ ಬಾಗಿಲಿಂದ ಬಾಗಿಲಿಗೆ ಹೋಗುತ್ತಾರೆ. 2021ರಲ್ಲಿ ಅವರು ಬೆಳಬೆಳಿಗ್ಗೆ ಕನ್ನಡಿ ಮುಂದೆ ನಿಂತು, ಇವತ್ತು ಏನೇನು ತೊಟ್ಟಿದ್ದೇನೆ ಎಂದು ಟಿಕ್‌ಟಾಕಿನಲ್ಲಿ ಹೇಳಿಕೊಂಡ ತುಣುಕುಗಳನ್ನು ಜಗತ್ತೆಲ್ಲ ನೋಡಿತು. ಕಡೆಯ ದಿನ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಎಲ್ಲರೂ ಒಟ್ಟಿಗೆ ಲಕೋಟೆ ಒಡೆಯುತ್ತಾರೆ, ಒಡೆದವರೇ ಕಿರುಚುತ್ತ ತಮ್ಮ ತಮ್ಮ ಮನೆಯ ಕಡೆ ಓಡುತ್ತಾರೆ.

ಓಡಿ ಸೇರಿದ ಮನೆಯಲ್ಲಿ ಎಲ್ಲರಿಗೂ ಮಂಚ ಇರುವುದಿಲ್ಲ. ಇದನ್ನು ವಿಡಿಯೋ ಹೇಳುವುದಿಲ್ಲ. ಅಲ್ಲಿನ ದೊಡ್ಡ ಶಾಖೆಯೊಂದರಲ್ಲಿ ಮುನ್ನೂರು, ನಾನೂರು ಸದಸ್ಯೆಯರಿರುತ್ತಾರೆ. ಮಲಗುವ ಜಾಗ ಅದರ ಸಣ್ಣದೊಂದು ಪಾಲಿಗೆ. ಮೊದಲ ವರ್ಷದವರು ಕಾಲೇಜಿನ ಹಾಸ್ಟೆಲಿನಲ್ಲಿ, ಕಡೆಯ ವರ್ಷದವರು ಊರಿನ ಬಾಡಿಗೆ ಫ್ಲ್ಯಾಟುಗಳಲ್ಲಿ. ನಡುವಿನ ವರ್ಷ ಮಾತ್ರ, ಅದೂ ಸರದಿ ಬಂದವರಿಗೆ, ಆ ಬಿಳಿ ಕಂಬದ ಮನೆ. ಉಳಿದವರು ಊಟಕ್ಕೂ ಸಭೆಗೂ ಬಂದು ಹೋಗುವ ಅಭ್ಯಾಗತರು. ಹಾಗೆ ಬಂದು ಹೋಗುವುದಕ್ಕೂ ಎಷ್ಟೋ ಕಡೆ ಪಾರ್ಲರ್ ಫೀ ಎಂದು ಹಣ ಕಟ್ಟಬೇಕು. ಅಂದರೆ ಜಗಲಿಯ ಬಾಡಿಗೆ.

ಟಸ್ಕಲೂಸಾದ ಹೆಸರೆತ್ತಿದ ಮೇಲೆ ಆಥರೀನ್ ಲೂಸಿಯನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗದು. 1956ರ ಫೆಬ್ರವರಿಯಲ್ಲಿ ಆ ವಿಶ್ವವಿದ್ಯಾಲಯದ ತರಗತಿಯೊಳಗೆ ಕಾಲಿಟ್ಟ ಮೊದಲ ಕಪ್ಪು ವಿದ್ಯಾರ್ಥಿನಿ ಆಕೆ. ನ್ಯಾಯಾಲಯದ ಆದೇಶ ಇದ್ದದ್ದರಿಂದ ಪ್ರವೇಶ ಕೊಟ್ಟರು; ಹಾಸ್ಟೆಲಿಗೂ ಊಟದ ಹಾಲಿಗೂ ಸೇರಿಸಲಿಲ್ಲ. ಬರ್ಮಿಂಗ್‌ಹ್ಯಾಮಿನಿಂದ ಕಾರಿನಲ್ಲಿ ಬಂದು ಕಾರಿನಲ್ಲಿ ವಾಪಸಾಗಬೇಕಿತ್ತು. ಮೂರನೆಯ ದಿನದ ತರಗತಿಗೆ ಬಂದಾಗ ದೊಂಬಿ ಎದ್ದಿತು, ಕಲ್ಲು ಮೊಟ್ಟೆಗಳು ತೂರಿ ಬಂದವು. ಆಡಳಿತ ಆಕೆಯನ್ನೇ ಹೊರಗೆ ಕಳಿಸಿತು. ಅದೇ ಕ್ಯಾಂಪಸ್ಸಿಗೆ ಮರಳಿ ಆಕೆ ಸ್ನಾತಕೋತ್ತರ ಪದವಿ ಪಡೆದದ್ದು 1992ರಲ್ಲಿ, ಮಗಳು ಪದವಿ ಪಡೆದ ವರ್ಷವೇ. ಸೊರೋರಿಟಿಗಳ ಬಾಗಿಲು ಇನ್ನೂ ಬಿಗಿಯಾಗಿತ್ತು. 2013ರಲ್ಲಿ ಅಲ್ಲಿನ ವಿದ್ಯಾರ್ಥಿ ಪತ್ರಿಕೆ 'ದಿ ಕ್ರಿಮ್ಸನ್ ವೈಟ್', ಕಪ್ಪು ಹುಡುಗಿಯರನ್ನು ಸೊರೋರಿಟಿಗಳು ಹೇಗೆ ಸದ್ದಿಲ್ಲದೆ ಹೊರಗಿಡುತ್ತಿವೆ ಎಂದು ಬಿಡಿಸಿ ಬರೆಯಿತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಕದ ಅಷ್ಟಿಷ್ಟು ಸರಿಯಿತು. ಕ್ಯಾಂಪಸ್ಸಿನ ಹೊರಗೆ ಇರುವುದು ಕೆಲವರಿಗೆ ಉಳಿತಾಯ, ಕೆಲವರಿಗೆ ಅಪ್ಪ ಅಮ್ಮನ ಆಸೆ. ಲೂಸಿಗೆ ಅದು ಶಿಕ್ಷೆಯಾಗಿತ್ತು.

ಸೊರೋರಿಟಿಯ ಕಥೆಯ ಬುಡಕ್ಕೆ ಹೋದರೆ ಮಾತ್ರ ಹೊರಗಿನ ಕೋಣೆಯೇ ಸಿಗುತ್ತದೆ. ಇಲಿನಾಯ್ ರಾಜ್ಯದ ಮಾನ್‌ಮತ್ ಎಂಬ ಸಣ್ಣ ಊರು, 1867ರ ಏಪ್ರಿಲ್ 28. ಅಲ್ಲಿನ ಕಾಲೇಜು ಗಂಡಸರಿಗೂ ಹೆಂಗಸರಿಗೂ ಒಟ್ಟಿಗೇ ಪಾಠ ಹೇಳುತ್ತಿತ್ತು. ಗ್ರೀಕ್ ಅಕ್ಷರದ ಸಂಘಗಳು ಮಾತ್ರ ಗಂಡಸರವು. ಎಯ್ಡಾ ಬ್ರೂಯೆನ್ ಮತ್ತು ಲಿಬ್ಬಿ ಬ್ರೂಕ್ ಎಂಬಿಬ್ಬರು ಹುಡುಗಿಯರು ಊರಿನಲ್ಲಿ ಜೇಕಬ್ ಹೋಲ್ಟ್ ಎಂಬುವರ ಮನೆಯ ಮಹಡಿಯಲ್ಲಿ ಕೋಣೆ ಬಾಡಿಗೆ ಹಿಡಿದಿದ್ದರು. ಗೆಳತಿಯರು ಸೇರಿ ಹನ್ನೆರಡು ಮಂದಿ ಆ ಕೋಣೆಯಲ್ಲಿ ಕೂತು ಕಟ್ಟಿದ ಸಂಘ ಮುಂದೆ ಪೈ ಬೀಟಾ ಫೈ ಆಯಿತು. ಒಂದು ಮಂಚ, ಒಂದೆರಡು ಕುರ್ಚಿ ಇರಬಹುದಾದ ಕೋಣೆಯಲ್ಲಿ ಹನ್ನೆರಡು ಜನ, ಅದೂ ಆ ಕಾಲದ ನೆಲ ಗುಡಿಸುವ ಲಂಗ ಹರಡಿಕೊಂಡು ಎಲ್ಲೆಲ್ಲಿ ಕೂತರೋ! ಕಂಬದ ಮಹಲುಗಳೆಲ್ಲ ಆಮೇಲಿನ ಮಾತು. ಹೋಲ್ಟ್ ಮನೆಯನ್ನು ಈಗ ಆ ಸಂಘದವರೇ ವಸ್ತುಸಂಗ್ರಹಾಲಯ ಮಾಡಿ ಇಟ್ಟುಕೊಂಡಿದ್ದಾರೆ.

ಹ್ಯೂಸ್ಟನ್ ವಿಶ್ವವಿದ್ಯಾಲಯದ ಹುಟ್ಟೂ ಹೀಗೇ, ಪರರ ಮನೆಯಲ್ಲಿ. 1927ರಲ್ಲಿ ಅದು ಸ್ಯಾನ್ ಹಸಿಂಟೋ ಹೈಸ್ಕೂಲಿನ ಕಟ್ಟಡದಲ್ಲಿ ನಡೆಯುವ ಜೂನಿಯರ್ ಕಾಲೇಜು. ಹಗಲು ಸ್ಕೂಲಿನ ಮಕ್ಕಳು ಮನೆಗೆ ಹೋದ ಮೇಲೆ ಸಂಜೆ ಇವರ ಪಾಠ. ಕೆಲಸ ಮುಗಿಸಿ ಬಂದು ಓದುವವರ ಕಾಲೇಜು. ಇವತ್ತು ನಲವತ್ತು ಸಾವಿರ ದಾಟಿದ ವಿದ್ಯಾರ್ಥಿಗಳಲ್ಲೂ ಹೆಚ್ಚಿನವರು ರಾತ್ರಿ ಮಲಗುವುದು ಹೊರಗೇ. ಹಾಗಾಗಿ 'ನೀನು ಎಲ್ಲಿರ್ತೀಯ' ಎಂದು ಸೊರೋರಿಟಿಯ ಹುಡುಗಿ ಕೇಳಿದಾಗ 'ಅಪ್ಪ ಅಮ್ಮನ ಜೊತೆ, ಶುಗರ್ ಲ್ಯಾಂಡ್' ಎಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಬೇರೆ ಕಡೆ ಏರಿಸುತ್ತಾರಂತೆ. ಹದಿನೆಂಟಾದ ಮಗಳು ಮನೆಯಲ್ಲಿರುವುದಕ್ಕೆ ಕಾರಣ ಕೊಡಬೇಕಾದ ದೇಶ ಅದು. ನಮ್ಮಲ್ಲಾದರೆ ಮನೆ ಬಿಟ್ಟು ಪಿ.ಜಿ. ಸೇರುವುದಕ್ಕೆ ಕಾರಣ ಕೊಡಬೇಕು.

ಆಯ್ಕೆಯ ವಾರ ನಡೆಯುವುದು ಹೀಗೆ. ಮೊದಲ ಸುತ್ತಿನಲ್ಲಿ ಎಲ್ಲ ಸೊರೋರಿಟಿಗಳನ್ನೂ ಭೇಟಿಯಾಗಬೇಕು. ಒಂದೊಂದು ಕಡೆಯೂ ಕೆಲವೇ ನಿಮಿಷ. ನಿಂತೇ ಮಾತು: ಯಾವ ಊರು, ಏನು ಓದ್ತೀಯ, ಬೇಸಿಗೆಯಲ್ಲಿ ಏನು ಮಾಡಿದೆ. ಒಬ್ಬಳು ಮಾತಾಡಿಸುತ್ತಿದ್ದಂತೆ ಇನ್ನೊಬ್ಬಳು ಮೆಲ್ಲಗೆ ಪಕ್ಕಕ್ಕೆ ಬರುತ್ತಾಳೆ, ಮೊದಲಿನವಳು ನಗುತ್ತ ಸರಿಯುತ್ತಾಳೆ. ಸುತ್ತು ಮುಗಿದ ಮೇಲೆ ಹುಡುಗಿ ತನಗೆ ಹಿಡಿಸಿದವರ ಪಟ್ಟಿಯನ್ನು ಫೋನಿನಲ್ಲಿ ಒತ್ತಿ ಕಳಿಸಬೇಕು, ಅವರೂ ಕಳಿಸುತ್ತಾರೆ. ಎರಡೂ ಕಡೆ ಕೂಡಿದರೆ ಮರುದಿನದ ಕರೆ. ದಿನದಿಂದ ದಿನಕ್ಕೆ ಮನೆಗಳು ಕಡಿಮೆ, ಮಾತು ಉದ್ದ, ಹೀಲ್ಸು ಎತ್ತರ. ಕೊನೆಯ ಸುತ್ತಿನಲ್ಲಿ ದೀಪ ಕಡಿಮೆ ಮಾಡಿ, ಮೇಣದಬತ್ತಿ ಹಚ್ಚಿ, ಹಾಡು ಹೇಳಿ ಹೆಚ್ಚುಕಮ್ಮಿ ಅಳಿಸಿಬಿಡುತ್ತಾರೆ.

ಹಾಸ್ಟೆಲಿನ ಹುಡುಗಿಗೆ ಎರಡು ಸುತ್ತಿನ ನಡುವೆ ಹೋಗಿ ಮುಖ ತೊಳೆಯಲು ಕೋಣೆಯಿದೆ, ಹತ್ತು ನಿಮಿಷ ಕಾಲು ಚಾಚಲು ಮಂಚವಿದೆ. ನಮ್ಮ ಹುಡುಗಿಗೆ ಗ್ಯಾರೇಜು. ಇಂಜಿನ್ ಓಡಿಸಿಟ್ಟು, ಏಸಿಯ ಗಾಳಿಗೆ ಕಂಕುಳು ಒಡ್ಡಿ, ಸೀಟು ಹಿಂದಕ್ಕೆ ಬಾಗಿಸಿ ಕಣ್ಣು ಮುಚ್ಚುತ್ತಿದ್ದಳು. ಬಟ್ಟೆ ಬದಲಿಸುವುದು ಲೈಬ್ರರಿಯ ಟಾಯ್ಲೆಟ್ಟಿನಲ್ಲಿ. ಸಂಜೆ ಪಟ್ಟಿ ಒತ್ತಿ ಕಳಿಸುತ್ತಿದ್ದದ್ದೂ ಕಾರಿನಲ್ಲೇ, ಹೆದ್ದಾರಿಗೆ ಇಳಿಯುವ ಮುಂಚೆ. ಆಮೇಲೆ ಅರವತ್ತೊಂಬತ್ತರ ಹೆದ್ದಾರಿಯ ಕೆಂಪು ದೀಪಗಳ ಸಾಲಿನಲ್ಲಿ ನಲವತ್ತು ಕಿಲೋಮೀಟರ್. ಅಂಗಡಿ ಸಾಲಿನ ಹಿಲ್‌ಕ್ರಾಫ್ಟ್ ಬರುತ್ತದೆ, 2010ರಲ್ಲಿ ನಗರಸಭೆಯವರು ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಎಂದು ಹೆಸರಿಟ್ಟ ಜಾಗ. ಚಿನ್ನದಂಗಡಿ, ಚಾಟ್ ಅಂಗಡಿ, ರವಿಕೆ ಹೊಲಿಯುವವರು. ಅಲ್ಲಿ ಸಿಗ್ನಲ್ಲಿಗೆ ನಿಂತಾಗಲೇ ಅವಳಮ್ಮನ ಫೋನು: "ಹೆಂಗೂ ಹಿಲ್‌ಕ್ರಾಫ್ಟ್ ಮೇಲೆ ಬರ್ತೀಯಲ್ಲ, ಕರಿಬೇವು ತಗೊಂಡು ಬಾ."

ಕೊನೆಯ ಸುತ್ತಾದ ಮೇಲೆ ಒಂದು ಒಪ್ಪಂದಕ್ಕೆ ಸಹಿ ಹಾಕಬೇಕು. ತಾನು ಬರೆದುಕೊಟ್ಟ ಸೊರೋರಿಟಿಯಿಂದಲೇ ಕರೆ ಬಂದು, ಒಲ್ಲೆ ಎಂದರೆ ಆ ಕ್ಯಾಂಪಸ್ಸಿನಲ್ಲಿ ಈ ಸೊರೋರಿಟಿಗಳ ಒಕ್ಕೂಟಕ್ಕೆ ಸೇರಿದ ಬೇರೆ ಯಾವುದನ್ನೂ ಮುಂದಿನ ವರ್ಷದ ಆಯ್ಕೆಯವರೆಗೆ ಸೇರುವಂತಿಲ್ಲ. ತಂಗಿ ಅದನ್ನು ಓದಿ ಬೆಚ್ಚಿದಳು. "ಬಾಂಡ್ ಬರೆಸ್ಕೊಳ್ತಾರಲ್ಲೇ ಅಕ್ಕ!" ಅವಳ ತಲೆಯೊಳಗೆ ಆಗಲೇ ರ‍್ಯಾಗಿಂಗಿನ ಭೂತ ಹೊಕ್ಕಿತ್ತು. ಎಂಬತ್ತರ ದಶಕದಲ್ಲಿ ಹಾಸ್ಟೆಲಿನ ಮೊದಲ ತಿಂಗಳು ಎರಡು ಜಡೆ ಹಾಕಿ, ನೆಲ ನೋಡಿ ನಡೆದವಳು ಅವಳು. ಭಯ ಸುಳ್ಳೂ ಅಲ್ಲ. ದೀಕ್ಷೆಯ ಹೆಸರಿನ ಹಿಂಸೆಗೆ ಅಲ್ಲೂ ಮಕ್ಕಳು ಸತ್ತಿದ್ದಾರೆ, ಹೆಚ್ಚಾಗಿ ಹುಡುಗರ ಸಂಘಗಳಲ್ಲಿ, ಬಲವಂತವಾಗಿ ಕುಡಿಸಿದ ಹೆಂಡದಿಂದ. ಕಾಲೇಜುಗಳು ಇಂಥ ಘಟನೆಗಳ ಲೆಕ್ಕವನ್ನು ಬಹಿರಂಗಪಡಿಸಬೇಕೆಂಬ ಫೆಡರಲ್ ಕಾನೂನಿಗೆ ಅಂದಿನ ಅಧ್ಯಕ್ಷ ಬೈಡನ್ ಸಹಿ ಹಾಕಿದ್ದು 2024ರ ಡಿಸೆಂಬರಿನಲ್ಲಷ್ಟೇ. ಮನೆಯಿಂದ ಓಡಾಡುವುದರಲ್ಲಿ ಮಗಳಿಗೊಂದು ರಕ್ಷಣೆಯಿದೆ ಎನ್ನುವುದು ನನ್ನ ಎಣಿಕೆ. ರಾತ್ರಿ ಎಷ್ಟು ಹೊತ್ತಾದರೂ ಅಡುಗೆಮನೆಯ ದೀಪದ ಕೆಳಗೆ ಅವಳ ಮುಖ ನೋಡುವವರೊಬ್ಬರು ಇರುತ್ತಾರೆ. ಅವಳಿಗೆ ಅದು ಕಾವಲಾಗಿಯೂ ಕಾಣುತ್ತದೆ, ಅದೂ ನ್ಯಾಯವೇ. ತಂಗಿಯನ್ನು ಒಪ್ಪಿಸಿದ್ದು ನನ್ನ ವಾದವಲ್ಲ. ಕಮಲಾ ಹ್ಯಾರಿಸ್ ಹೊವರ್ಡ್ ವಿಶ್ವವಿದ್ಯಾಲಯದಲ್ಲಿದ್ದಾಗ 1986ರಲ್ಲಿ ಆಲ್ಫಾ ಕಾಪಾ ಆಲ್ಫಾ ಸೊರೋರಿಟಿ ಸೇರಿದ್ದಳು ಎಂಬ ಸುದ್ದಿ. "ಶ್ಯಾಮಲಾ ಗೋಪಾಲನ್ ಮಗಳೇ ಸೇರಿದ್ಳಾ? ಹಾಗಾದ್ರೆ ಸರಿ."

ಸೇರುವುದು ಸುಲಭ, ಆಮೇಲಿನ ಲೆಕ್ಕ ಕಷ್ಟ. ಚಂದಾ, ಹೊಸ ಸದಸ್ಯೆಯ ಶುಲ್ಕ, ದೀಕ್ಷೆಯ ಶುಲ್ಕ, ಎದೆಗೆ ಚುಚ್ಚುವ ಬ್ಯಾಡ್ಜಿನ ಹಣ, ಪ್ರತಿ ಕಾರ್ಯಕ್ರಮಕ್ಕೂ ಹೊಸ ಟೀ ಶರ್ಟು. ತಂಗಿಯ ಗಂಡ, ನಮ್ಮ ಭಾವ, ಎಕ್ಸೆಲ್ ಹಾಳೆ ತೆರೆದು ಹಾಸ್ಟೆಲಿನ ಬಾಡಿಗೆ ಉಳಿದದ್ದನ್ನು ಒಂದು ಸಾಲಿನಲ್ಲಿ, ಪೆಟ್ರೋಲು, ಟೋಲು, ಪಾರ್ಕಿಂಗ್ ಪರ್ಮಿಟ್ಟನ್ನು ಇನ್ನೊಂದು ಸಾಲಿನಲ್ಲಿ ಬರೆದರು. ಹಣವನ್ನು ಹೇಗೋ ತೂಗಿಸಬಹುದು. ಹೊತ್ತನ್ನು ತೂಗಿಸುವುದು ಹೇಗೆ? ವಾರಕ್ಕೊಂದು ಸಭೆ, ಅದು ಸಾಮಾನ್ಯವಾಗಿ ರಾತ್ರಿ. ಅಧ್ಯಯನದ ಗಂಟೆ, ಸೇವೆಯ ಗಂಟೆ, ಪ್ರತಿಯೊಂದಕ್ಕೂ ಪಾಯಿಂಟು. ಬರದಿದ್ದರೆ ದಂಡ. ಹಾಸ್ಟೆಲಿನವಳು ಚಪ್ಪಲಿ ಮೆಟ್ಟಿ ಐದು ನಿಮಿಷಕ್ಕೆ ಬರುವ ಸಭೆಗೆ ಇವಳು ನಾಲ್ಕು ಗಂಟೆಗೆ ಕ್ಲಾಸು ಮುಗಿಸಿ ಏಳರವರೆಗೆ ಲೈಬ್ರರಿಯಲ್ಲಿ ಕಾಯಬೇಕು. ಕಾದು ಕಾದೇ ಈ ಹುಡುಗಿಗೆ ಕೆಮಿಸ್ಟ್ರಿಯಲ್ಲಿ 'ಎ' ಬಂತು ಎಂದು ಭಾವನವರ ವಾದ.

ಗೈರುಹಾಜರಿಗೆ ಕಾರಣ ತುಂಬುವ ಆನ್‌ಲೈನ್ ಫಾರಮ್ಮೊಂದಿತ್ತು. ಪರೀಕ್ಷೆ, ಅನಾರೋಗ್ಯ, ಉದ್ಯೋಗ, ಕುಟುಂಬದ ತುರ್ತು, ನಾಲ್ಕರಲ್ಲಿ ಒಂದನ್ನು ಒತ್ತಬೇಕು. ಅಕ್ಟೋಬರಿನಲ್ಲಿ ಅವಳ ಅಜ್ಜಿಯ ತಿಥಿ ಸಭೆಯ ದಿನವೇ ಬಿತ್ತು. ಊಟದ ಮೇಜಿನ ಸುತ್ತ ಚರ್ಚೆ. "ಕುಟುಂಬದ ತುರ್ತು ಅಂತ ಹಾಕು" ಎಂದಳು ತಂಗಿ. "ತುರ್ತು ಹೆಂಗಾಗುತ್ತೆ? ಪ್ರತಿ ವರ್ಷ ಬರೋದೇ ಅಲ್ವಾ" ಎಂದರು ಭಾವ, ಅವರದೇ ತಾಯಿಯ ತಿಥಿ. ಹುಡುಗಿ ಕೊನೆಗೆ ಫಾರಂ ಬಿಟ್ಟು ಶಾಖೆಯ ಅಧ್ಯಕ್ಷೆಗೆ ನೇರ ಮೆಸೇಜು ಕಳಿಸಿದಳು. ನಮ್ಮಜ್ಜಿಗೆ ಇವತ್ತು ಊಟ ಬಡಿಸುತ್ತೇವೆ, ಅವರು ತೀರಿಕೊಂಡು ಆರು ವರ್ಷವಾಯಿತು ಎಂದು. ಒಂದು ಕ್ಷಣದಲ್ಲಿ ಉತ್ತರ ಬಂತು: ಮೆಕ್ಸಿಕೋ ಮೂಲದ ಆ ಹುಡುಗಿ, ನಮ್ಮನೆಯಲ್ಲೂ ನವೆಂಬರಿನಲ್ಲಿ ಸತ್ತವರಿಗೆ ಊಟ ಇಡುತ್ತೇವೆ, ನೀನು ಬರಬೇಡ ಎಂದಿದ್ದಳು. ಮುಂದಿನ ಸೆಮಿಸ್ಟರಿನ ಫಾರಮ್ಮಿನಲ್ಲಿ 'ಧಾರ್ಮಿಕ ಆಚರಣೆ' ಎಂಬ ಐದನೆಯ ಗೂಡು ಕಾಣಿಸಿಕೊಂಡಿತು.

ಹೊಸಬರಿಗೆಲ್ಲ ಒಬ್ಬೊಬ್ಬ ಹಿರಿಯಳು ಸಿಗುತ್ತಾಳೆ, ಅವಳನ್ನು ಬಿಗ್ ಎನ್ನುತ್ತಾರೆ. ಯಾರೆಂಬುದು ಗುಟ್ಟು. ಬಯಲಾಗುವ ಮುಂಚಿನ ವಾರ ಹಾಸ್ಟೆಲಿನ ಬಾಗಿಲ ಮುಂದೆ ಸದ್ದಿಲ್ಲದೆ ಉಡುಗೊರೆಯ ಬುಟ್ಟಿಗಳು ಬಂದು ಕೂರುತ್ತವೆ. ಶುಗರ್ ಲ್ಯಾಂಡಿನ ಮನೆಗೆ ಯಾರು ತರುತ್ತಾರೆ? ತಂದಳು. ಒಂದು ಮಧ್ಯಾಹ್ನ ಭಾವ ಆಫೀಸಿನಲ್ಲಿರುವಾಗ ಬಾಗಿಲ ಕ್ಯಾಮೆರಾದಿಂದ ಫೋನಿಗೆ ಚಿತ್ರ ಬಂತು. ಕಪ್ಪು ಟೋಪಿ ಹಣೆಗೆ ಎಳೆದುಕೊಂಡ ಯಾರೋ ಬಗ್ಗಿ ಬಗ್ಗಿ ಬಂದು, ಜಗಲಿಯ ಮೇಲೆ ಸೆಲ್ಲೋಫೇನ್ ಸುತ್ತಿದ ಗಂಟೊಂದನ್ನು ಇಟ್ಟು ಓಡಿದರು. ಭಾವ ಕೂಡಲೇ ಮನೆಗೆ ಫೋನು ಹಚ್ಚಿ "ಬಾಗಿಲು ತೆಗೀಬೇಡಿ, ಪೊಲೀಸಿಗೆ ಹೇಳ್ತೀನಿ" ಎಂದರು. ಅಷ್ಟರಲ್ಲಿ ನಾನೂ ತಂಗಿಯೂ ಬಾಗಿಲು ತೆಗೆದು, ಗಂಟು ಬಿಚ್ಚಿ, ಒಳಗಿದ್ದ ಚಾಕೊಲೇಟಿನ ಅರ್ಧ ತಿಂದಾಗಿತ್ತು. ತಳದಲ್ಲಿ ಚೀಟಿ: 'ನಾನೂ ದಿನಾ ಕೇಟಿಯಿಂದ ಕಾರಿನಲ್ಲೇ ಬರುತ್ತೇನೆ.' ಮನೆಯಿಂದ ಓಡಾಡುವವಳಿಗೆ ಮನೆಯಿಂದ ಓಡಾಡುವವಳನ್ನೇ ಹುಡುಕಿ ಕೊಟ್ಟಿದ್ದರು. ಸಂಘದಲ್ಲಿ ಯಾರಿಗೋ ತಲೆ ಇದೆ ಅನ್ನಿಸಿತು.

ಇದೇ ಹ್ಯೂಸ್ಟನ್ ಕ್ಯಾಂಪಸ್ಸಿನಲ್ಲಿ ದಕ್ಷಿಣ ಏಷ್ಯಾದ ಹುಡುಗಿಯರ ಸೊರೋರಿಟಿಯೊಂದು ಹುಟ್ಟಿದೆ. ಡೆಲ್ಟಾ ಫೈ ಒಮೇಗಾ, 1998ರ ಡಿಸೆಂಬರಿನಲ್ಲಿ. ಅದಕ್ಕೆ ಒಂದು ತಿಂಗಳ ಮುಂಚೆ ಆಸ್ಟಿನ್ನಿನಲ್ಲಿ ಕಾಪಾ ಫೈ ಗ್ಯಾಮಾ. ಅದೇ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯದಲ್ಲಿ ಸಿಗ್ಮಾ ಸಿಗ್ಮಾ ರೋ. ಮೂರೂ ಒಂದೇ ಚಳಿಗಾಲದಲ್ಲಿ ಹುಟ್ಟಿದ್ದು ಕಾಕತಾಳೀಯ ಅನ್ನಿಸದು. 1965ರ ವಲಸೆ ಕಾನೂನು ಬಾಗಿಲು ತೆರೆದ ಮೇಲೆ ಬಂದ ಡಾಕ್ಟರು, ಇಂಜಿನಿಯರುಗಳ ಮಕ್ಕಳು ಕಾಲೇಜಿನ ವಯಸ್ಸಿಗೆ ತುಂಬಿ ಬಂದ ಕಾಲ ಅದು. ಸೇಂಟ್ ಜಾನ್ಸ್ ತನ್ನ ಮೊದಲ ವಸತಿಗೃಹ ತೆರೆದದ್ದು 1999ರಲ್ಲಿ; ಅಂದರೆ ಆ ಸಂಘ ಕಟ್ಟಿದ ಹುಡುಗಿಯರೆಲ್ಲ ಸಬ್‌ವೇ, ಬಸ್ಸು, ಅಪ್ಪನ ಕಾರು ಹಿಡಿದು ಬಂದವರು. ಇಂಥ ಸಂಘಗಳಿಗೆ ಕಂಬದ ಮಹಲು ಅಪರೂಪ. ಸಭೆ ಖಾಲಿ ತರಗತಿಯಲ್ಲಿ. ಕುಣಿತದ ತಾಲೀಮು ರಾತ್ರಿ ಪಾರ್ಕಿಂಗ್ ಗ್ಯಾರೇಜಿನಲ್ಲಿ, ಅಲ್ಲಿ ಕಾಲಿನ ಸದ್ದು ಚೆನ್ನಾಗಿ ಮೊಳಗುತ್ತದೆ. ಕಪ್ಪು ಸೊರೋರಿಟಿಗಳಿಂದ ಕಲಿತ ಸಾಲು ನಡಿಗೆಯ ನಡುವೆ ಒಂದು ಭಾಂಗ್ಡಾ ಹೆಜ್ಜೆ ನುಸುಳುತ್ತದೆ. ನಮ್ಮ ಹುಡುಗಿಯ ಗೆಳತಿಯೊಬ್ಬಳು ಇಂಥದ್ದನ್ನೇ ಆರಿಸಿಕೊಂಡಳು. "ಅಲ್ಲಿ ಡಬ್ಬಿಗೆ ಎರಡು ಚೀಲ ಸುತ್ತೋದು ಬೇಡ" ಎನ್ನುತ್ತಿದ್ದಳು. ಇವಳಿಗೆ ಅದೇ ಬೇಡವಾಗಿತ್ತಂತೆ. ಭಾನುವಾರದ ಕನ್ನಡ ಶಾಲೆಯಲ್ಲಿ ನೋಡಿದ ಮುಖಗಳನ್ನೇ ಕಾಲೇಜಿನಲ್ಲೂ ನೋಡುವುದು ಯಾಕೆ ಎಂದಿದ್ದಳು. ಇಬ್ಬರದೂ ಸರಿ. ಇಬ್ಬರೂ ಬೇರೆ ಬೇರೆ ಅಕ್ಷರದ ಅಂಗಿ ತೊಟ್ಟು ಒಂದೇ ಕಾರಿನಲ್ಲಿ ಬಂದಿಳಿಯುತ್ತಿದ್ದರು.

ಡಿಸೆಂಬರಿನ ಪರೀಕ್ಷೆಗೆ ಮುಂಚೆ, ಮನೆಯಿಂದ ಓಡಾಡುವ ಹುಡುಗಿಯರೆಲ್ಲ ಓದಲು ತಂಗಿಯ ಮನೆಗೆ ಬಂದರು. ಕ್ಯಾಂಪಸ್ಸಿನಲ್ಲಿ ಅವರಿಗೆಂದು ಒಂದು ಕೋಣೆಯಿಲ್ಲ, ಲೈಬ್ರರಿ ತುಂಬಿತ್ತು. ಮಧ್ಯಾಹ್ನದ ಹೊತ್ತಿಗೆ ಹಾಲಿನ ಕಾರ್ಪೆಟ್ಟು ಕಾಣದಷ್ಟು ಲ್ಯಾಪ್‌ಟಾಪು, ಚಾರ್ಜರು, ಕಾಲು. ತಂಗಿ ಬಿಸಿಬೇಳೆಬಾತಿನ ಪಾತ್ರೆ ಇಟ್ಟು, ಯಾರಿಗೆ ಗೋಡಂಬಿ ಆಗುವುದಿಲ್ಲ, ಯಾರಿಗೆ ಖಾರ ಆಗುವುದಿಲ್ಲ ಎಂದು ವಿಚಾರಿಸುತ್ತ ತಿರುಗುತ್ತಿದ್ದಳು. ಖಾರವಾಗದವಳು ಮೂರನೆಯ ಸಲ ಬಡಿಸಿಕೊಂಡು ಮೂಗು ಒರೆಸಿಕೊಳ್ಳುತ್ತಿದ್ದಳು. ಕೇಟಿಯ ಹುಡುಗಿ ಅಡುಗೆಮನೆಗೇ ಬಂದು, ಒಗ್ಗರಣೆಗೆ ಸಾಸಿವೆ ಸಿಡಿಯುವುದನ್ನು ಫೋನಿನಲ್ಲಿ ಹಿಡಿದಳು.

ಮರುವಾರ ಬಡಾವಣೆಯ ಮನೆಮಾಲೀಕರ ಸಂಘದಿಂದ ನೋಟೀಸು ಬಂತು: ನಿಮ್ಮ ಮನೆಯ ಮುಂದೆ ನಿಯಮ ಮೀರಿ ಕಾರು ನಿಲ್ಲಿಸಲಾಗಿತ್ತು, ವಾಣಿಜ್ಯ ಚಟುವಟಿಕೆ ನಡೆಯುತ್ತಿದೆಯೇ ತಿಳಿಸಿ. ಭಾವ ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಲ್ಯಾಪ್‌ಟಾಪ್ ತೆರೆದು, ಇದು ವಾಣಿಜ್ಯ ಚಟುವಟಿಕೆಯಲ್ಲ, ನನ್ನ ಮಗಳ ಸೊರೋರಿಟಿ ಎಂದು ಬರೆಯತೊಡಗಿದರು.

"ಮುಂದಿನ ಸಲ ಬಂದೋರಿಗೆ ಕಾರು ಎಲ್ಲಿ ನಿಲ್ಲಿಸ್ಬೇಕು ಅಂತ ಕೇಳಿ" ಎಂದಳು ತಂಗಿ, ಒಳಗಿನಿಂದ.